ಬ್ರಿಡ್ಜ್ ಕೆಳಗಿನ ವೈರು



ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ವಾಲ್ಯೂಮ್ ಏರಿಸಿ, ತಂತಿ ಮುಟ್ಟದೆ ಸುಮ್ಮನೆ ನಿಂತು ನೋಡಿ. ಸ್ಪೀಕರಿನಿಂದ ಝುಂಯ್ ಎಂಬ ಗುನುಗು ಬರುತ್ತಿರುತ್ತದೆ. ಅಂಗೈಯನ್ನು ತಂತಿಗಳ ಮೇಲೆ ಇಟ್ಟ ಕ್ಷಣವೇ ಅದು ಬಹುಮಟ್ಟಿಗೆ ಅಡಗುತ್ತದೆ. ಕೈ ತೆಗೆದರೆ ಮತ್ತೆ ಶುರು. ಹೊಸದಾಗಿ ಬೇಸ್ ಕೊಂಡ ಹುಡುಗರು ಇದನ್ನು ಕೇಳಿ, ವಾದ್ಯ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ವಾದ್ಯ ಕೆಟ್ಟಿರುವುದಿಲ್ಲ. ಕೈ ಇಟ್ಟಾಗ ಸದ್ದು ಅಡಗುತ್ತದೆ ಎಂದರೆ ಒಳಗೆ ಒಂದು ವೈರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂದು ಅರ್ಥ. ತಂತಿಗಳ ಬುಡ ಕೂರುವ ಲೋಹದ ತಟ್ಟೆಗೆ ಬ್ರಿಡ್ಜ್ ಎನ್ನುತ್ತೇವಲ್ಲ, ಅದರ ಅಡಿಯಲ್ಲಿ, ಮರಕ್ಕೂ ಲೋಹಕ್ಕೂ ನಡುವೆ, ಕಣ್ಣಿಗೆ ಬೀಳದಂತೆ ಆ ವೈರು ಅವಿತಿರುತ್ತದೆ. ಬೇಸ್ ನುಡಿಸುವವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ನುಡಿಸಿಯೂ ಅದನ್ನು ನೋಡಿರುವುದಿಲ್ಲ. ಇವತ್ತು ಆ ವೈರಿನ ಬಗ್ಗೆ, ಅದರ ಜೊತೆಗಿರುವ ಉಳಿದ ವೈರಿಂಗ್ ಬಗ್ಗೆ, ಮತ್ತು ಅದು ವಾದ್ಯದಿಂದ ಹೊರಟು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದರ ಬಗ್ಗೆ ಮಾತನಾಡುತ್ತೇನೆ.

ಮೊದಲು ಆ ಗುನುಗನ್ನೇ ಗಮನಿಸೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, ಸೆಕೆಂಡಿಗೆ 50 ಆವರ್ತನ. ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ತಂತಿ ಇ. ಅದರ ಕಂಪನ ಸುಮಾರು 41 ಹರ್ಟ್ಜ್. ಅದರ ಮೇಲಿನದು ಎ, 55 ಹರ್ಟ್ಜ್. ನಮ್ಮ ಕರೆಂಟಿನ 50 ಹರ್ಟ್ಜ್ ಈ ಎರಡರ ಮಧ್ಯೆ ಕೂರುತ್ತದೆ. ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಹುಟ್ಟುವ ಜಿ ಸ್ವರ ಸರಿಯಾಗಿ 49 ಹರ್ಟ್ಜ್. ಎಂದರೆ ಕರೆಂಟಿನ ಗುನುಗು ನಮ್ಮ ಜಿ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ಗುನುಗುವ ಬೇಸ್‌ನಲ್ಲಿ ಆ ಜಿ ಸ್ವರವನ್ನು ನುಡಿಸಿ, ಉದ್ದಕ್ಕೆ ಹಿಡಿದು, ಕಿವಿಗೊಟ್ಟು ಕೇಳಿದರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವ ಒಂದು ಅಲೆ ಕೇಳುತ್ತದೆ. ಎರಡು ತಂಬೂರಿಗಳ ಶ್ರುತಿ ತುಸುವೇ ತಪ್ಪಿದಾಗ ಆಗುವುದೂ ಇದೇ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್; ಅಲ್ಲಿನ ಗುನುಗು ಬೇರೆ ಸ್ವರಗಳ ಮಗ್ಗುಲಲ್ಲಿ ಕೂರುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಲೀಡ್ ಗಿಟಾರಿನ ಸ್ವರಗಳೆಲ್ಲ 50 ಹರ್ಟ್ಜ್‌ಗಿಂತ ಸಾಕಷ್ಟು ಮೇಲಿವೆ. ಅಲ್ಲಿ ಗುನುಗು ಬಂದರೆ ಧ್ವನಿಯ ತಂತ್ರಜ್ಞರು ಮಿಕ್ಸರ್‌ನಲ್ಲಿ ತಗ್ಗಿನ ಭಾಗವನ್ನೇ ಕತ್ತರಿಸಿ ಎಸೆಯಬಹುದು. ಬೇಸ್‌ನಲ್ಲಿ ಹಾಗೆ ಮಾಡಿದರೆ ಸಂಗೀತವೇ ಹೋಗುತ್ತದೆ. ಆದ್ದರಿಂದ ಬೇಸ್‌ನ ಸದ್ದನ್ನು ವಾದ್ಯದ ಒಳಗೇ, ಹುಟ್ಟುವ ಜಾಗದಲ್ಲೇ ನಿಲ್ಲಿಸಬೇಕು.

ಅದು ಎಲ್ಲಿ ಹುಟ್ಟುತ್ತದೆ? ಬೇಸ್‌ನ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ವೈರನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಆಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ ಇದು. ಅಷ್ಟು ಸೂಕ್ಷ್ಮವಾದ ಸುರುಳಿಗೆ ತಂತಿಯ ಅಲುಗಾಟ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ, ಎರಡನ್ನೂ ಹಿಡಿಯುತ್ತದೆ. ಇದು ಆಯಸ್ಕಾಂತೀಯ ಗುನುಗು, ಮೊದಲನೆಯ ಬಗೆ. ಆಂಪ್ಲಿಫೈಯರ್ ಕಡೆಗೆ ಮುಖ ಮಾಡಿ ನಿಂತಾಗ ಹೆಚ್ಚಾಗಿ, ನಿಂತಲ್ಲೇ ತಿರುಗಿದಾಗ ಕಡಿಮೆಯಾಗುವ ಸದ್ದು ಈ ಜಾತಿಯದು. ಇದಕ್ಕೆ ಬ್ರಿಡ್ಜ್ ವೈರಿನಿಂದ ಏನೂ ಪ್ರಯೋಜನವಿಲ್ಲ.

ಎರಡನೆಯ ಬಗೆ ಬೇರೆ. ಗೋಡೆಯೊಳಗಿನ ವೈರಿಂಗ್, ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ದೀಪದ ಡಿಮ್ಮರ್ ಇವೆಲ್ಲ ಸುತ್ತಲಿನ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಹರಡುತ್ತವೆ. ಮನುಷ್ಯನ ಮೈ ನೀರು ಮತ್ತು ಉಪ್ಪಿನಿಂದ ಕೂಡಿದ ದೊಡ್ಡ ವಾಹಕ. ನಾವು ಕೋಣೆಯೊಳಗೆ ನಿಂತರೆ ಸಾಕು, ಈ ಕ್ಷೇತ್ರದಿಂದ ನಮ್ಮ ಮೈಮೇಲೆ ಒಂದಿಷ್ಟು ವೋಲ್ಟೇಜ್ ಏರುತ್ತದೆ. ಅದರ ಹಿಂದಿನ ಪ್ರವಾಹ ತೀರಾ ಅಲ್ಪವಾದ್ದರಿಂದ ನಮಗೆ ತಿಳಿಯುವುದಿಲ್ಲ. ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ಕೇಬಲ್ಲಿನ ಇನ್ನೊಂದು ತುದಿಯನ್ನು ಬೆರಳಿನಿಂದ ಮುಟ್ಟಿದಾಗ ಸ್ಪೀಕರ್ ಅಬ್ಬರಿಸುತ್ತದಲ್ಲ, ಅದು ನಮ್ಮ ಮೈಯ ಸದ್ದೇ. ಬೇಸನ್ನು ಎದೆಗೆ ಒತ್ತಿಕೊಂಡು ನಿಂತಾಗ ಈ ಮೈ ಪಿಕಪ್ಪಿಗೂ ಒಳಗಿನ ವೈರುಗಳಿಗೂ ಬಹಳ ಹತ್ತಿರ ಇರುತ್ತದೆ. ಮುಟ್ಟದೆಯೂ ಸದ್ದನ್ನು ದಾಟಿಸುತ್ತದೆ. ಹೀಗೆ ನುಡಿಸುವವರೇ ತಮ್ಮ ವಾದ್ಯಕ್ಕೆ ಆಂಟೆನಾ ಆಗುತ್ತಾರೆ.

ಬ್ರಿಡ್ಜ್ ವೈರು ಬರುವುದು ಇಲ್ಲಿ. ಬೆರಳು ತಂತಿಯನ್ನು ಮುಟ್ಟುತ್ತದೆ. ತಂತಿ ಲೋಹ, ಅದು ಕೂರುವ ಸ್ಯಾಡಲ್ ಲೋಹ, ಸ್ಯಾಡಲ್ ಕೂರುವ ಬ್ರಿಡ್ಜ್ ಲೋಹ. ಬ್ರಿಡ್ಜ್‌ನಿಂದ ಒಂದು ವೈರು ಮರದೊಳಗೆ ಕೊರೆದ ಓರೆ ರಂಧ್ರದ ಮೂಲಕ ಕಂಟ್ರೋಲ್ ಕುಳಿಗೆ ಇಳಿದು, ವಾಲ್ಯೂಮ್ ನಿಯಂತ್ರಕದ ಬೆನ್ನಿಗೆ ಬೆಸೆದುಕೊಳ್ಳುತ್ತದೆ. ಅಲ್ಲಿಂದ ಜಾಕಿನ ಹೊರ ತೋಳಿಗೆ, ಕೇಬಲ್ಲಿನ ಹೊರ ಹೆಣಿಗೆಗೆ, ಆಂಪ್ಲಿಫೈಯರ್‌ನ ಲೋಹದ ಚಾಸಿಗೆ, ಪ್ಲಗ್ಗಿನ ಮೂರನೇ ಪಿನ್ನಿಗೆ, ಕೊನೆಗೆ ಕಟ್ಟಡದ ಹೊರಗಿನ ಅರ್ಥಿಂಗ್ ಗುಂಡಿಗೆ. ತಂತಿ ಮುಟ್ಟಿದ ಕ್ಷಣ ನುಡಿಸುವವರ ಮೈ ಈ ಸಾಲಿಗೆ ಸೇರಿ ಭೂಮಿಯ ಮಟ್ಟಕ್ಕೆ ಇಳಿಯುತ್ತದೆ. ಈವರೆಗೆ ಸದ್ದನ್ನು ದಾಟಿಸುತ್ತಿದ್ದ ಮೈಯೇ ಈಗ ಹೊರಗಿನ ಸದ್ದಿಗೆ ಅಡ್ಡ ನಿಲ್ಲುವ ತಡೆಯಾಗುತ್ತದೆ. ಹೀಗೆ ವಾದಕರ ಮೈಯನ್ನೇ ಸರ್ಕಿಟ್ಟಿನ ಒಂದು ಭಾಗ ಮಾಡಿಕೊಂಡ ವಾದ್ಯಗಳು ಸಂಗೀತದಲ್ಲಿ ಹೆಚ್ಚಿಲ್ಲ. ಇದರಲ್ಲಿ ಒಂದು ಅನುಕೂಲವಿದೆ, ಒಂದು ಗಂಡಾಂತರವೂ ಇದೆ. ಗಂಡಾಂತರದ ಮಾತಿಗೆ ಆಮೇಲೆ ಬರುತ್ತೇನೆ.

ಈ ವಾದ್ಯವನ್ನು ಜನಪ್ರಿಯಗೊಳಿಸಿದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಬಾನುಲಿಯಲ್ಲಿ ಮಾತನಾಡುತ್ತಾ ಇದನ್ನು ನೆನೆಯಲು ನನಗೆ ವಿಶೇಷ ಸಂತೋಷ. 1951ರಲ್ಲಿ ಅವರ ಪ್ರಿಸಿಷನ್ ಬೇಸ್ ಬಂತು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ, ಫ್ರೆಟ್ ಇರುವ ವಾದ್ಯ ಸಿಕ್ಕಿತು. ಮೊದಲ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ಒಂದೇ ಸುರುಳಿಯ ಪಿಕಪ್, ಅದು ಗುನುಗುತ್ತಿತ್ತು. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ಎರಡು ತಂತಿಗೆ ಒಂದು ತುಂಡಿನಂತೆ ಹಿಂದೆ ಮುಂದೆ ಕೂರಿಸಿದರು. ಒಂದರ ಸುತ್ತುವ ದಿಕ್ಕೂ ಆಯಸ್ಕಾಂತದ ಧ್ರುವವೂ ಇನ್ನೊಂದಕ್ಕೆ ತಿರುವುಮುರುವು. ತಂತಿಯ ನಾದಕ್ಕೆ ಎರಡು ತಿರುವೂ ಸೇರಿ ಮತ್ತೆ ನೇರವಾಗುತ್ತದೆ. ಹೊರಗಿನ ಗುನುಗಿಗೆ ಆಯಸ್ಕಾಂತದ ಧ್ರುವದ ಸಂಬಂಧವಿಲ್ಲ. ಒಂದು ತುಂಡಿನಿಂದ ಬಂದ ಗುನುಗನ್ನು ಇನ್ನೊಂದರದ್ದು ಅಳಿಸಿಬಿಡುತ್ತದೆ. ಮೊದಲ ಬಗೆಯ ಸದ್ದಿಗೆ ಇದು ನಿಜವಾದ ಮದ್ದು. ಎಪ್ಪತ್ತು ವರ್ಷ ಸಮೀಪಿಸುತ್ತಿದ್ದರೂ ಅದೇ ವಿನ್ಯಾಸ ಇಂದಿಗೂ ತಯಾರಾಗುತ್ತಿದೆ.

1960ರಲ್ಲಿ ಬಂದ ಜಾಝ್ ಬೇಸ್‌ನಲ್ಲಿ ಎರಡು ಬೇರೆ ಬೇರೆ ಪಿಕಪ್‌ಗಳಿವೆ. ಎರಡರ ವಾಲ್ಯೂಮೂ ಪೂರ್ತಿ ಇದ್ದಾಗ ಗುನುಗು ಅಳಿಯುತ್ತದೆ. ಒಂದನ್ನು ಇಳಿಸಿದರೆ ಮರಳಿ ಬರುತ್ತದೆ. ಜಾಝ್ ಬೇಸ್ ಇಟ್ಟುಕೊಂಡವರು ಇದನ್ನು ವೈರಿಂಗಿನ ದೋಷ ಎಂದುಕೊಂಡು ಬೆಸುಗೆ ಬಿಚ್ಚಿ ಕೂರಬೇಡಿ. ಆ ವಾದ್ಯದ ಸ್ವಭಾವವೇ ಅದು. 1960ರ ದಶಕದ ಆರಂಭದ ಜಾಝ್ ಬೇಸ್‌ಗಳಲ್ಲಿ ಬ್ರಿಡ್ಜ್‌ನಿಂದ ಹತ್ತಿರದ ಪಿಕಪ್ ಕುಳಿಯವರೆಗೆ ವೈರಿನ ಬದಲು ತೆಳ್ಳನೆಯ ಲೋಹದ ಪಟ್ಟಿಯನ್ನು ಮರದ ಮೇಲೆಯೇ ಹಾಸಿದ್ದರು. ಮೇಲೆ ಕ್ರೋಮಿನ ಮುಚ್ಚಳ ಬರುತ್ತಿದ್ದುದರಿಂದ ಅದು ಕಾಣುತ್ತಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಆ ಪಟ್ಟಿಯೇ ಒಳ್ಳೆಯ ಉಪಾಯ: ಅಗಲವಾಗಿ ಮುಟ್ಟುತ್ತದೆ, ಬೇಗ ಮುರಿಯುವುದಿಲ್ಲ.

ಈ ವೈರು ಎಷ್ಟು ಮುಖ್ಯ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸನ್ನು ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ಮುದ್ರಿಸುತ್ತಿರಲಿಲ್ಲ. ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೆ ಸಿಕ್ಕಿಸುತ್ತಿದ್ದರು. ಹಾಗೆ ಮಾಡಿದಾಗ ವಾದ್ಯದ ಗುನುಗೂ ನೇರವಾಗಿ ಮುದ್ರಣಕ್ಕೆ ಇಳಿಯುತ್ತದೆ. ಇಂದು ನಮ್ಮ ಚಲನಚಿತ್ರ ಗೀತೆಗಳ ಬೇಸ್ ಕೂಡ ಬಹುಪಾಲು ಹೀಗೆಯೇ ನೇರವಾಗಿ ದಾಖಲಾಗುತ್ತದೆ. ಎ. ಆರ್. ರೆಹಮಾನ್ ಅವರ ಹಾಡುಗಳಲ್ಲಿ ಚೆನ್ನೈನ ಕೀತ್ ಪೀಟರ್ಸ್ ನುಡಿಸಿದ ಬೇಸನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಸ್ವರ ಮತ್ತು ಸ್ವರದ ನಡುವಿನ ಮೌನ ಎಷ್ಟು ಚೊಕ್ಕವಾಗಿದೆ ಎಂಬುದನ್ನು ಗಮನಿಸಿ. ಕೈಯ ಶಿಸ್ತು ಅದಕ್ಕೆ ಮೊದಲ ಕಾರಣ, ನಿಜ. ಆದರೆ ಗುನುಗುವ ವಾದ್ಯ ಕೈಯಲ್ಲಿದ್ದರೆ ಯಾವ ಶಿಸ್ತಿಗೂ ಆ ಮೌನ ಸಿಗುವುದಿಲ್ಲ. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ತಂದ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೂಡ ಲೋಹದ ತಂತಿ, ಸುರುಳಿಯ ಪಿಕಪ್ ಇರುವ ವಾದ್ಯವೇ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅದಕ್ಕೂ ಸಲ್ಲುತ್ತದೆ.

ಈಗ ಕೆಲಸದ ಮಾತು. ಬ್ರಿಡ್ಜ್ ವೈರು ಕಡಿದಿದೆ ಎಂದು ತಿಳಿಯುವುದು ಹೇಗೆ? ತಂತಿ ಮುಟ್ಟಿದರೆ ಸದ್ದು ಅಡಗುವುದಿಲ್ಲ, ಆದರೆ ಜಾಕಿಗೆ ಸಿಕ್ಕಿಸಿದ ಪ್ಲಗ್ಗಿನ ಲೋಹ ಮುಟ್ಟಿದರೆ ಅಡಗುತ್ತದೆ ಎಂದಾದರೆ ವೈರು ಬ್ರಿಡ್ಜ್ ಕೆಳಗೆ ಸರಿದಿದೆ ಅಥವಾ ಬೆಸುಗೆ ಬಿಟ್ಟಿದೆ. ತಂತಿ ಮುಟ್ಟಿದಾಗ ಸದ್ದು ಅಡಗುವ ಬದಲು ಜೋರಾದರೆ ಜಾಕಿನಲ್ಲಿ ಎರಡು ವೈರು ಅದಲು ಬದಲಾಗಿವೆ. ಯಾರೋ ಅವಸರದಲ್ಲಿ ಜಾಕ್ ಬದಲಿಸಿದಾಗ ಹೀಗಾಗುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಕೇಬಲ್ಲನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಬ್ರಿಡ್ಜ್‌ಗೆ, ಇನ್ನೊಂದನ್ನು ಜಾಕಿನ ಹೊರ ತೋಳಿಗೆ ಮುಟ್ಟಿಸಿ. ಒಂದೆರಡು ಓಮ್‌ಗಿಂತ ಕಡಿಮೆ ತೋರಿಸಬೇಕು. ಸಾವಿರಾರು ಓಮ್ ತೋರಿಸಿದರೆ, ಅಥವಾ ಅಂಕಿ ಕುಣಿಯುತ್ತಿದ್ದರೆ, ಸಂಪರ್ಕ ಕೆಟ್ಟಿದೆ. ಒಂದು ಅಪವಾದ ನೆನಪಿರಲಿ: ಮೇಲೆ ನೈಲಾನ್ ಪಟ್ಟಿ ಸುತ್ತಿದ ತಂತಿಗಳನ್ನು ಹಾಕಿದ್ದರೆ ಬೆರಳಿಗೆ ಲೋಹ ತಗಲುವುದೇ ಇಲ್ಲ. ವೈರಿಂಗ್ ಎಷ್ಟೇ ಸರಿಯಿದ್ದರೂ ಕೈ ಇಟ್ಟಾಗ ಸದ್ದು ಕಡಿಮೆಯಾಗುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ, ಆದರೆ ತಾಳ್ಮೆ ಬೇಕು. ತಂತಿಗಳನ್ನು ಸಡಿಲಿಸಿ, ಬ್ರಿಡ್ಜ್‌ನ ಸ್ಕ್ರೂ ಬಿಚ್ಚಿ ತಟ್ಟೆ ಎತ್ತಿದರೆ ಕೆಳಗೆ ಒಂದು ರಂಧ್ರ, ಅದರಿಂದ ಹೊರಬಂದ ವೈರಿನ ತುದಿ ಕಾಣುತ್ತದೆ. ಹೊದಿಕೆಯನ್ನು ಒಂದು ಅಂಗುಲದಷ್ಟು ಸುಲಿದು, ಒಳಗಿನ ಎಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಮರದ ಮೇಲೆ ಚಪ್ಪಟೆಯಾಗಿ ಹಾಸಿ, ಮೇಲೆ ತಟ್ಟೆ ಕೂರಿಸಿ ಸ್ಕ್ರೂ ಬಿಗಿದರೆ ಮುಗಿಯಿತು. ಇಲ್ಲಿ ಬೆಸುಗೆ ಬೇಡ. ಅಷ್ಟು ದೊಡ್ಡ ಲೋಹದ ತಟ್ಟೆ ಕಾವನ್ನೆಲ್ಲ ಹೀರಿಕೊಳ್ಳುತ್ತದೆ; ಬೆಸುಗೆ ಹಿಡಿಸುವ ಹಟದಲ್ಲಿ ಅದರ ಮೇಲಿನ ಲೇಪ ಹಾಳಾಗುತ್ತದೆ. ಒತ್ತಡದ ಸಂಪರ್ಕವೇ ಸಾಕು. ಕಪ್ಪು ಬಣ್ಣ ಬಳಿದ ಬ್ರಿಡ್ಜ್ ಆದರೆ ಒಂದು ಎಚ್ಚರಿಕೆ: ಆ ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ತಳಭಾಗದಲ್ಲಿ ವೈರು ತಗಲುವ ಜಾಗವನ್ನು ಉಜ್ಜುಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಬೇಕು. ಕರಾವಳಿಯವರಿಗೆ ಇನ್ನೊಂದು ಮಾತು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಳೆಗಾಲದ ತೇವದಲ್ಲಿ, ಆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿಯುತ್ತವೆ. ವೈರು ಕಡಿದಿರುವುದಿಲ್ಲ, ಆದರೂ ಸಂಪರ್ಕ ಇರುವುದಿಲ್ಲ. ತಂತಿ ಬದಲಿಸುವಾಗ ಆಗಾಗ ಮೀಟರ್ ಇಟ್ಟು ನೋಡುವುದು ಒಳ್ಳೆಯದು.

ವೈರಿನ ಇನ್ನೊಂದು ತುದಿಗೆ ಬೆಸುಗೆ ಬೇಕು. ವಾಲ್ಯೂಮ್ ತಿರುಗಿಸುವ ಪೊಟೆನ್ಷಿಯೋಮೀಟರಿಗೆ ಕೆಲಸಗಾರರು ಪಾಟ್ ಎನ್ನುತ್ತಾರೆ. ಅದರ ಬೆನ್ನಿನ ತಗಡೇ ಗ್ರೌಂಡ್ ವೈರುಗಳೆಲ್ಲ, ಎಂದರೆ ಅರ್ಥಿನ ಕಡೆಗೆ ಹೋಗುವ ವೈರುಗಳೆಲ್ಲ, ಕೂಡುವ ಜಾಗ. ಆ ತಗಡನ್ನು ಮೊದಲು ಒರಟಾಗಿ ಉಜ್ಜಬೇಕು. ಮೊಬೈಲ್ ರಿಪೇರಿಯವರು ಬಳಸುವ ಸೂಜಿಮೊನೆಯ ಕಬ್ಬಿಣ ಇಲ್ಲಿ ಸಾಲದು. 40ರಿಂದ 60 ವ್ಯಾಟ್‌ನ, ಅಗಲ ಮೂತಿಯ ಸೋಲ್ಡರಿಂಗ್ ಕಬ್ಬಿಣ ಬೇಕು. ತಗಡನ್ನು ಚೆನ್ನಾಗಿ ಕಾಯಿಸಿ, ಸೀಸ ಅದರ ಮೇಲೆ ತಾನೇ ಹರಡುವಂತೆ ಮಾಡಿ, ಬೇಗ ಕಬ್ಬಿಣ ತೆಗೆದುಬಿಡಬೇಕು. ಸಣ್ಣ ಕಬ್ಬಿಣವನ್ನು ನಿಮಿಷಗಟ್ಟಲೆ ಒತ್ತಿ ಹಿಡಿದರೆ ತಗಡಿನ ಮೇಲೆ ಬೆಸುಗೆ ಹಿಡಿಯುವ ಮೊದಲೇ ಪಾಟ್ ಒಳಗೆ ಸುಟ್ಟಿರುತ್ತದೆ. ಆರುವ ತನಕ ವೈರನ್ನು ಅಲುಗಿಸಬಾರದು. ಅಲುಗಿದ ಬೆಸುಗೆ ಮಂಕಾಗಿ, ಹರಳು ಹರಳಾಗಿ ಕಾಣುತ್ತದೆ. ಅದು ಮೇಲೆ ಅಂಟಿಕೊಂಡಂತೆ ಇದ್ದರೂ ಒಂದಲ್ಲ ಒಂದು ದಿನ ವೇದಿಕೆಯ ಮೇಲೆಯೇ ಕೈಕೊಡುತ್ತದೆ. ರಾಳ ತುಂಬಿದ ಸೀಸವನ್ನೇ ಬಳಸಿ. ಕೊಳಾಯಿ ಕೆಲಸದ ಆಮ್ಲ ಬೆರೆತ ಪೇಸ್ಟ್ ವೈರನ್ನು ನಿಧಾನವಾಗಿ ತಿನ್ನುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ಇವೆಲ್ಲ ಸಿಗುತ್ತವೆ.

ಉಳಿದ ವೈರಿಂಗ್ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಪ್ರಿಸಿಷನ್ ಬೇಸ್‌ನಲ್ಲಿ ಒಂದು ವಾಲ್ಯೂಮ್, ಒಂದು ಟೋನ್. ಎರಡೂ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್. ಟೋನ್ ಪಾಟಿಗೆ ಒಂದು ಕೆಪಾಸಿಟರ್ ಇರುತ್ತದೆ, ಈಗಿನ ವಾಡಿಕೆ 0.047 ಮೈಕ್ರೋಫ್ಯಾರಡ್. ಅದು ಎತ್ತರದ ಸ್ವರಾಂಶಗಳನ್ನು ಗ್ರೌಂಡಿಗೆ ಬಿಟ್ಟುಕೊಟ್ಟು ತಗ್ಗಿನವನ್ನು ಉಳಿಸುತ್ತದೆ. ಜಾಝ್ ಬೇಸ್‌ನಲ್ಲಿ ಎರಡು ವಾಲ್ಯೂಮ್. ಅಲ್ಲಿ ಪಿಕಪ್ಪಿನ ವೈರು ಪಾಟಿನ ನಡುವಿನ ಕಾಲಿಗೆ ಬರಬೇಕು. ಅಂಚಿನ ಕಾಲಿಗೆ ಕೊಟ್ಟರೆ ಒಂದು ವಾಲ್ಯೂಮನ್ನು ಸೊನ್ನೆಗೆ ಇಳಿಸಿದಾಗ ಇಡೀ ಬೇಸ್ ಮೂಕವಾಗುತ್ತದೆ. ಕಂಟ್ರೋಲ್ ಕುಳಿಗೆ ತಾಮ್ರದ ಹಾಳೆ ಅಂಟಿಸುವುದು, ವಾಹಕ ಬಣ್ಣ ಬಳಿಯುವುದು ಒಳ್ಳೆಯದೇ. ಎರಡನೆಯ ಬಗೆಯ ಸದ್ದನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಆ ಹಾಳೆಗೂ ಗ್ರೌಂಡಿಗೂ ಸಂಪರ್ಕ ಕೊಡಬೇಕು. ಸಂಪರ್ಕ ಕೊಡದೆ ಅಂಟಿಸಿದ ಹಾಳೆಯಿಂದ ಉಪಯೋಗವಿಲ್ಲ.

ಬ್ಯಾಟರಿ ಇರುವ ಆಕ್ಟಿವ್ ಬೇಸ್‌ಗಳಲ್ಲಿ ಜಾಕಿಗೆ ಮೂರು ಸಂಪರ್ಕ ಇರುತ್ತವೆ. ಪ್ಲಗ್ ಸಿಕ್ಕಿಸಿದಾಗ ಮಾತ್ರ 9 ವೋಲ್ಟ್ ಬ್ಯಾಟರಿಯ ಋಣ ತುದಿ ಗ್ರೌಂಡಿಗೆ ಸೇರಿ ಒಳಗಿನ ಪ್ರಿಆಂಪ್ ಚಾಲೂ ಆಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡದಿದ್ದರೆ ಬ್ಯಾಟರಿ ಸುಮ್ಮನೆ ಸೊರಗುತ್ತಾ ಹೋಗುತ್ತದೆ. ಕೆಲವು ಆಕ್ಟಿವ್ ಪಿಕಪ್‌ಗಳಿಗೆ ಒಳಗೇ ತಡೆ ಕಟ್ಟಿರುತ್ತಾರೆ. ಇಎಂಜಿ ಪಿಕಪ್‌ಗಳನ್ನು ಕೂರಿಸುವಾಗ ಬ್ರಿಡ್ಜ್ ವೈರು ಬೇಡ ಎಂದೇ ಅದರ ತಯಾರಕರು ಹೇಳುತ್ತಾರೆ.

ಯಾಕೆ ಬೇಡ ಎನ್ನುತ್ತಾರೆ? ಇಲ್ಲಿಂದ ಗಂಡಾಂತರದ ಮಾತು.

ತಂತಿ ಮುಟ್ಟಿದಾಗ ನಮ್ಮ ಮೈ ಆಂಪ್ಲಿಫೈಯರ್‌ನ ಚಾಸಿಗೆ ಸೇರಿಕೊಳ್ಳುತ್ತದೆ ಎಂದೆನಲ್ಲ, ಆ ಚಾಸಿ ನಿಜವಾಗಿಯೂ ಭೂಮಿಗೆ ಸೇರಿದೆಯೇ ಎಂಬುದು ಪ್ರಶ್ನೆ. ಮನೆಯ ಬಚ್ಚಲಿಂದ ನೀರು ಸರಾಗವಾಗಿ ಹೋಗುವುದು ಹೊರಗಿನ ಮೋರಿ ತೆರೆದಿರುವವರೆಗೆ ಮಾತ್ರ. ಮೋರಿ ಕಟ್ಟಿಕೊಂಡರೆ ಊರ ಕೊಳಕೆಲ್ಲ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಬ್ರಿಡ್ಜ್ ವೈರಿನ ಸ್ಥಿತಿಯೂ ಹೀಗೆಯೇ. ಅರ್ಥಿಂಗ್ ಸರಿಯಿದ್ದಾಗ ಅದು ಸದ್ದನ್ನು ಹೊರಗೆ ಸಾಗಿಸುತ್ತದೆ. ಅರ್ಥಿಂಗ್ ಇಲ್ಲದೆ, ಆಂಪ್ಲಿಫೈಯರ್‌ನ ಒಳಗೆ ಫೇಸ್ ವೈರು ಚಾಸಿಗೆ ತಗಲಿದರೆ, 230 ವೋಲ್ಟನ್ನು ನೇರವಾಗಿ ತಂತಿಗಳಿಗೆ ತಂದು ಕೊಡುತ್ತದೆ. ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತವರ ತುಟಿ ಮೈಕಿಗೆ ತಗಲಿದರೆ, ಮೈಕ್ ಬೇರೆ ಕಡೆಯಿಂದ ಸರಿಯಾಗಿ ಅರ್ಥ್ ಆಗಿದ್ದರೆ, ಪ್ರವಾಹ ಎದೆಯ ಮೂಲಕ ಹಾದುಹೋಗುತ್ತದೆ.

ಇದು ಊಹೆಯ ಮಾತಲ್ಲ. 1965ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಗಿಟಾರ್ ಮೈಕಿಗೆ ತಗಲಿ, ಅವರು ವೇದಿಕೆಯ ಮೇಲೆಯೇ ಪ್ರಜ್ಞೆ ತಪ್ಪಿ ಬಿದ್ದರು. ಅವರು ಬದುಕಿದರು. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಬದುಕಲಿಲ್ಲ. ವೇದಿಕೆಯ ಮೇಲೆ ಅರ್ಥ್ ಇಲ್ಲದ ಮೈಕನ್ನು ಮುಟ್ಟಿ, ಶಾಕ್ ತಗಲಿ ಸತ್ತರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ, ಸರಿಯಾಗಿ ಅರ್ಥ್ ಆಗಿರದ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದಾಗ ಶಾಕ್ ತಗಲಿ ತೀರಿಕೊಂಡರು. ಅಮೆರಿಕದಲ್ಲಿ ಆಗಿನ ಕಾಲದ ಆಂಪ್ಲಿಫೈಯರ್‌ಗಳಿಗೆ ಎರಡೇ ಪಿನ್ನಿನ ಪ್ಲಗ್ ಇರುತ್ತಿತ್ತು. ಹಿಂಭಾಗದಲ್ಲಿ ಒಂದು ಸ್ವಿಚ್. ಯಾವ ಕಡೆ ಹಾಕಿದರೆ ಗುನುಗು ಕಡಿಮೆಯೋ ಆ ಕಡೆ ಹಾಕಿಕೊಂಡು ನುಡಿಸುತ್ತಿದ್ದರು. ಆಂಪ್ಲಿಫೈಯರ್‌ನ ಚಾಸಿಗೂ ಆ ಸ್ವಿಚ್ ಆರಿಸಿದ ಮೈನ್ಸ್ ವೈರಿಗೂ ನಡುವೆ ಇದ್ದದ್ದು ಒಂದೇ ಒಂದು ಕೆಪಾಸಿಟರ್.

ನಮ್ಮಲ್ಲಿ ಮೂರು ಪಿನ್ನಿನ ಪ್ಲಗ್ ಇದೆ. ಮೇಲಿನ ದಪ್ಪ ಪಿನ್ ಅರ್ಥಿನದು. ಅದು ಉಳಿದೆರಡಕ್ಕಿಂತ ಉದ್ದ. ಸಿಕ್ಕಿಸುವಾಗ ಅದೇ ಮೊದಲು ತಗಲಲಿ, ಕೀಳುವಾಗ ಅದೇ ಕೊನೆಗೆ ಬಿಡಲಿ ಎಂದು ಹಾಗೆ ಮಾಡಿದ್ದಾರೆ. ಇಷ್ಟು ಯೋಚಿಸಿ ಮಾಡಿದ ಪಿನ್ನನ್ನು ನಮ್ಮ ವೇದಿಕೆಗಳಲ್ಲಿ ಏನು ಮಾಡುತ್ತಾರೆ ಎಂಬುದನ್ನು ಊರ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರೆಲ್ಲ ಬಲ್ಲರು. ಪ್ಲಗ್ಗನ್ನೇ ಕತ್ತರಿಸಿ ಎರಡು ಬರಿಯ ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಎರಡು ಪಿನ್ನಿನ ಅಡಾಪ್ಟರ್ ಹಾಕುತ್ತಾರೆ. ಗುನುಗು ಬಂದರೆ ಅರ್ಥ್ ತೆಗೆದುಬಿಡು ಎಂದು ಹಿರಿಯರೇ ಕಿರಿಯರಿಗೆ ಹೇಳಿಕೊಡುತ್ತಾರೆ. ಅರ್ಥ್ ತೆಗೆದಾಗ ಒಮ್ಮೊಮ್ಮೆ ಗುನುಗು ನಿಜಕ್ಕೂ ನಿಲ್ಲುತ್ತದೆ. ಅಪಾಯ ಇರುವುದೇ ಅಲ್ಲಿ. ಕಿವಿಗೆ ಎಲ್ಲ ಸರಿಹೋಯಿತು ಎನಿಸುತ್ತದೆ. ತಂತಿ ಮುಟ್ಟಿದಾಗ ಜುಮ್ಮೆನ್ನುತ್ತದೆ, ತುಟಿಗೆ ಮೈಕ್ ತಗಲಿದಾಗ ಚುರುಕ್ ಎನ್ನುತ್ತದೆ, ಅಷ್ಟೆ. ಆ ಜುಮ್ಮೆನ್ನುವಿಕೆಗೆ ಒಗ್ಗಿಕೊಂಡು ನುಡಿಸುವವರನ್ನು ನಾನು ಬಹಳ ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಅರ್ಥ್ ತೆಗೆದಾಗ ಗುನುಗು ಏಕೆ ನಿಲ್ಲುತ್ತದೆ? ಬೇಸ್ ಆಂಪ್ಲಿಫೈಯರ್ ಒಂದು ಕಡೆಯಿಂದ ಅರ್ಥ್ ಆಗಿರುತ್ತದೆ, ಸಭಾಂಗಣದ ಮಿಕ್ಸರ್ ಇನ್ನೊಂದು ಕಡೆಯಿಂದ. ಇವೆರಡರ ನಡುವೆ ಸಿಗ್ನಲ್ ಕೇಬಲ್ ಹಾಕಿದಾಗ ಅರ್ಥಿನದೇ ಒಂದು ದೊಡ್ಡ ಸುತ್ತು ಏರ್ಪಟ್ಟು, ಅದರಲ್ಲಿ ಮೈನ್ಸ್‌ನ ಅಲ್ಪ ಪ್ರವಾಹ ಹರಿದು ಗುನುಗಾಗುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಸುತ್ತನ್ನು ಕಡಿಯಬೇಕು, ಸರಿ. ಆದರೆ ಕಡಿಯಬೇಕಾದ್ದು ಸಿಗ್ನಲ್ ಕೇಬಲ್ಲಿನ ಕಡೆ. ಅದಕ್ಕಾಗಿಯೇ ಬೇಸ್‌ನ ಸಿಗ್ನಲನ್ನು ಮಿಕ್ಸರಿಗೆ ದಾಟಿಸುವ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇದೆ. ಅದು ಮಿಕ್ಸರಿಗೆ ಹೋಗುವ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಆಂಪ್ಲಿಫೈಯರ್‌ನ ಮೈನ್ಸ್ ಅರ್ಥ್ ಹಾಗೆಯೇ ಉಳಿಯುತ್ತದೆ. ಗುನುಗೂ ನಿಲ್ಲುತ್ತದೆ, ಜೀವವೂ ಉಳಿಯುತ್ತದೆ. ವೇದಿಕೆಯ ಎಲ್ಲ ಸಲಕರಣೆಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೆ ಈ ತೊಂದರೆಯ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ಬಯಲಿನ ಕಾರ್ಯಕ್ರಮಕ್ಕೆ ಜನರೇಟರ್ ತಂದಾಗ ಅದಕ್ಕೆ ಅರ್ಥ್ ಸಲಾಕೆ ಹೂಳಿದ್ದಾರೆಯೇ ಎಂದು ನೋಡಬೇಕು. ಎಷ್ಟೋ ಕಡೆ ಹೂಳಿರುವುದಿಲ್ಲ.

ಬ್ರಿಡ್ಜ್ ವೈರನ್ನೇ ಕಿತ್ತುಹಾಕಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಬ್ಯಾಟರಿ ಇಲ್ಲದ ಸಾಮಾನ್ಯ ಪ್ಯಾಸಿವ್ ಬೇಸ್‌ನಲ್ಲಿ ಕಿತ್ತರೆ ಗುನುಗು ಸಹಿಸಲಾಗುವುದಿಲ್ಲ. ಇನ್ನು ಕೆಲವರು ಆ ವೈರಿನ ನಡುವೆ 220 ಕಿಲೋ ಓಮ್ ರೆಸಿಸ್ಟರನ್ನೂ, ಅದಕ್ಕೆ ಸಮಾನಾಂತರವಾಗಿ ಹೆಚ್ಚಿನ ವೋಲ್ಟೇಜ್ ತಾಳುವ ಪುಟ್ಟ ಕೆಪಾಸಿಟರನ್ನೂ ಹಾಕುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ: 230 ವೋಲ್ಟ್ ಬಂದರೂ 220 ಕಿಲೋ ಓಮ್ ಮೂಲಕ ಹರಿಯುವುದು ಸುಮಾರು ಒಂದು ಮಿಲಿ ಆಂಪಿಯರ್, ಅದು ಕೊಲ್ಲುವುದಿಲ್ಲ. ಆದರೂ ನಾನು ಇದನ್ನು ನೆಚ್ಚಿಕೊಳ್ಳಿ ಎನ್ನುವುದಿಲ್ಲ. ಅದು ಕಾಯುವುದು ತಂತಿಗಳನ್ನು ಮಾತ್ರ. ಲೋಹದ ನಾಬ್, ಕಂಟ್ರೋಲ್ ಪ್ಲೇಟ್, ಕೇಬಲ್ಲಿನ ಪ್ಲಗ್ ಎಲ್ಲವೂ ಹಾಗೆಯೇ ನೇರವಾಗಿ ಚಾಸಿಗೆ ಸೇರಿರುತ್ತವೆ, ಬೆರಳು ಅವುಗಳನ್ನೂ ಮುಟ್ಟುತ್ತದೆ. ವಾದ್ಯದ ವೈರು ಸರಿಯಾಗಿರಲಿ, ಗೋಡೆಯ ಅರ್ಥೂ ಸರಿಯಾಗಿರಲಿ. ಇದು ನನ್ನ ಖಚಿತ ಅಭಿಪ್ರಾಯ. 30 ಮಿಲಿ ಆಂಪಿಯರ್ ಸೋರಿಕೆಗೆ ತಾನೇ ಕಡಿದುಕೊಳ್ಳುವ ಆರ್‌ಸಿಸಿಬಿಯನ್ನು ತಂಡದ ಪವರ್ ಬೋರ್ಡಿಗೇ ಹಾಕಿಸಿಕೊಂಡು ಜೊತೆಗೆ ಒಯ್ಯುವುದು ಇನ್ನೂ ಒಳ್ಳೆಯದು. ನಮ್ಮವರು ಅದನ್ನು ಇಎಲ್‌ಸಿಬಿ ಎಂದೇ ಕರೆದು ರೂಢಿ. ಒಂದು ಎಫೆಕ್ಟ್ ಪೆಡಲಿನ ಬೆಲೆಗಿಂತ ಅದು ಹೆಚ್ಚಾಗುವುದಿಲ್ಲ.

ಬೇಸ್ ನುಡಿಸುವ ಎಳೆಯರೇ, ಅವರನ್ನು ವೇದಿಕೆಗೆ ಕರೆಸುವ ಸಂಘಟಕರೇ, ನಿಮ್ಮಲ್ಲಿ ಒಂದು ವಿನಂತಿ. ಕಾರ್ಯಕ್ರಮಕ್ಕೆ ಮೊದಲು ಎಲ್ಲ ಸಲಕರಣೆ ಚಾಲೂ ಮಾಡಿ, ಬೇಸನ್ನು ಯಾರೂ ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ ಇಟ್ಟು, ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ. ಅದರ ಎರಡೂ ಕಡ್ಡಿಗಳ ಪ್ಲಾಸ್ಟಿಕ್ ಹಿಡಿಯನ್ನಷ್ಟೇ ಹಿಡಿದು, ಒಂದನ್ನು ಬೇಸ್‌ನ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇದ್ದರೆ ನುಡಿಸಿ. ಹತ್ತಾರು ವೋಲ್ಟ್ ತೋರಿಸಿದರೆ, ಪ್ರೇಕ್ಷಕರು ಎಷ್ಟೇ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರೂ, ಎಲೆಕ್ಟ್ರಿಷಿಯನ್ ಬಂದು ಅರ್ಥ್ ಸರಿಪಡಿಸುವ ತನಕ ವಾದ್ಯವನ್ನು ಕೈಗೆತ್ತಿಕೊಳ್ಳಬೇಡಿ.